ಎರಡು ವರ್ಷ ನಾಲ್ಕು ತಿಂಗಳು

ನಮ್ಮ ಸಂಘದ ರಾಜ್ಯೋತ್ಸವಕ್ಕೆ ಬೇಗ ಬರುವ ರೂಢಿಯುಳ್ಳವರು ನಮ್ಮ ತಂದೆಯವರನ್ನು ನೋಡಿರಲಿಕ್ಕೆ ಸಾಕು. ಸಭಾಗೃಹದಲ್ಲಿ ಕುರ್ಚಿಗಳನ್ನು ದಾರ ಹಿಡಿದಂತೆ ಸಾಲಾಗಿ ಜೋಡಿಸುವ ಮುದುಕರು ಅವರೇ. ಯಾರಾದರೂ ಒಂದು ಕುರ್ಚಿಯನ್ನು ಆಚೀಚೆ ಎಳೆದು ಕುಳಿತರೆ, ಅವರು ಏಳುವವರೆಗೆ ಕಾದು ಮತ್ತೆ ಸರಿಪಡಿಸುತ್ತಾರೆ. "ಮಿಲಿಟರಿಯವರೇನು?" ಎಂದು ಹಲವರು ಕೇಳಿದ್ದುಂಟು. ಈ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂಬುದು ನಮಗೆ, ಎಂದರೆ ಅವರ ಮೂರು ಮಕ್ಕಳಿಗೆ, ಇಷ್ಟು ವರ್ಷಗಳಾದರೂ ತಿಳಿದಿಲ್ಲ. ಹನ್ನೆರಡು ವರ್ಷ ಎಂಟು ತಿಂಗಳು ಸೈನ್ಯದಲ್ಲಿದ್ದವರು. ಆದರೆ ಸರ್ಕಾರದ ಲೆಕ್ಕದಲ್ಲಿ ಮಾಜಿ ಸೈನಿಕರಲ್ಲ.

1974ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಭರ್ತಿಯಾಗಿ, ಸಿಕಂದರಾಬಾದಿನಲ್ಲಿ ತರಬೇತಿ ಪಡೆದು ಅಪ್ಪ ವಾಹನ ಮೆಕ್ಯಾನಿಕ್ಕರಾದರು. ಪಠಾಣಕೋಟ, ಜೋಧಪುರ, ತೇಜಪುರ ಎಂದು ಊರೂರು ಸುತ್ತಿದರು. ಶಕ್ತಿಮಾನ್ ಲಾರಿಯ ಇಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಿದ್ದರಂತೆ. ಅವ್ವ ಮಾತ್ರ ನಮ್ಮೊಂದಿಗೆ ಊರಲ್ಲಿ, ಅಜ್ಜನ ಮನೆಯಲ್ಲಿ. ವರ್ಷಕ್ಕೊಮ್ಮೆ ಟ್ರಂಕು ಹೊತ್ತು ಬರುವ ಅಪ್ಪನನ್ನು ಕಂಡು ನಮ್ಮಲ್ಲಿ ಕಿರಿಯವನು ಅಳುತ್ತ ಅಡಿಗೆಮನೆಗೆ ಓಡುತ್ತಿದ್ದ.

1986ರಲ್ಲಿ ಅಜ್ಜನಿಗೆ ಲಕ್ವಾ ಹೊಡೆಯಿತು. ಅಪ್ಪ ಒಬ್ಬನೇ ಮಗ. ಅವ್ವ ಓದು ಬಲ್ಲವಳಲ್ಲ. ಶಾಲೆಯ ಮಾಸ್ತರರಿಂದ ಕಾಗದ ಬರೆಯಿಸಿದಳು. ಅದರ ಸಾರ ಆಕೆಯ ಬಾಯಿಂದಲೇ ನಾವು ನೂರು ಸಲ ಕೇಳಿದ್ದೇವೆ: "ಮಾವಾರನ್ನ ನಾ ನೋಡ್ಕೋತೇನಿ, ನೀವು ಪೆನ್ಶನ್ನಿನ ವರ್ಷ ಮುಗಿಸ್ಕೊಂಡು ಬರ್ರಿ." ಜವಾನರಿಗೆ ಪಿಂಚಣಿಯ ಅರ್ಹತೆ ಹದಿನೈದು ವರ್ಷಕ್ಕೆ. ಅದನ್ನು ಅವ್ವ ಬೆರಳೆಣಿಸಿ ತಿಳಿದಿದ್ದಳು. 1987ರ ಆಗಸ್ಟ್ 20ರಂದು ಸೇವೆಯಿಂದ ಬಿಡುಗಡೆಯಾದ ಅಪ್ಪ ಟ್ರಂಕು, ಹಾಸಿಗೆ ಸುರುಳಿ ಸಮೇತ ಊರಿಗೆ ಬಂದಾಗ ಆಕೆ ಕೇಳಿದ ಮೊದಲ ಮಾತು, "ಎಷ್ಟು ದಿನದ ರಜಾ?" ಎಂದು. "ಪಲ್ಟಣದಾಗ ಆಳು ಕಡಿಮಿ ಮಾಡಿದ್ರು. ಅವರs ಕಳಿಸ್ಯಾರ," ಎಂದರಂತೆ ಅಪ್ಪ.

ಆ ಮಾತನ್ನು ಅವ್ವ ನಂಬಿದಳು. ನಂಬಿ, ಅಂದಿನಿಂದ ಸರ್ಕಾರವನ್ನು ಬೈಯಲಾರಂಭಿಸಿದಳು. ಗಣರಾಜ್ಯೋತ್ಸವದ ಕವಾಯತು ಟೀವಿಯಲ್ಲಿ ಬರುತ್ತಿದ್ದರೆ ಎದ್ದು ಒಳಗೆ ಹೋಗುವ ಹೆಂಗಸು ನಮ್ಮ ಓಣಿಯಲ್ಲಿ ಆಕೆಯೊಬ್ಬಳೇ ಇರಬೇಕು.

ಅಜ್ಜ 1989ರ ಮಳೆಗಾಲದವರೆಗೆ ಬದುಕಿದರು. ಅಷ್ಟು ದಿನವೂ ಅವರನ್ನು ಎತ್ತಿ ಕೂಡಿಸಿ, ಮೈ ಒರೆಸಿ, ತುತ್ತು ಕೊಟ್ಟವರು ಅಪ್ಪನೇ. ಕೈಗೆ ಬಂದ ಗ್ರಾಚ್ಯುಟಿಯ ಹಣ ಔಷಧಕ್ಕೂ ಬಾವಿಗೂ ಹೋಯಿತು. ಬಾವಿಯಲ್ಲಿ ನೀರು ಬರಲಿಲ್ಲ. ಮರುವರ್ಷ ಮೂರೆಕರೆ ಹೊಲ ಮಾರಿ ಪುಣೆಗೆ ಬಂದೆವು. ಅಪ್ಪ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಹೆಲ್ಪರನಾಗಿ ಸೇರಿದರು.

ನಮಗೆ ನಿಜ ಗೊತ್ತಾದದ್ದು 1998ರಲ್ಲಿ. ಕಾಲೇಜಿನ ಅರ್ಜಿಯಲ್ಲಿ ಮಾಜಿ ಸೈನಿಕರ ಮಕ್ಕಳೆಂಬ ಕಲಮು ಇತ್ತು. ನಾವು ಹಿಗ್ಗಿ ಅದಕ್ಕೆ ಗುರುತು ಹಾಕಿ, ಪ್ರಮಾಣಪತ್ರಕ್ಕಾಗಿ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು ಅಪ್ಪನ ಡಿಸ್ಚಾರ್ಜ್ ಪುಸ್ತಕ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಕೊಟ್ಟರು. ಇಂಗ್ಲಿಷಿನಲ್ಲಿದ್ದ ಆ ಸಾಲಿನ ಅರ್ಥ ಇಷ್ಟೇ: ಸೇರ್ಪಡೆಯ ಷರತ್ತುಗಳನ್ನು ಪೂರೈಸುವ ಮೊದಲು, ಸ್ವಂತ ಕೋರಿಕೆಯ ಮೇಲೆ. ಮನೆಗೆ ಬರುವ ಬಸ್ಸಿನಲ್ಲಿ ಅಪ್ಪ ಒಂದೇ ಮಾತಾಡಿದರು: "ಅವ್ವಗ ಹೇಳಬ್ಯಾಡ್ರಿ." ಹೇಳಲಿಲ್ಲ. ಇಂಜಿನಿಯರಿಂಗ್ ಹೋಗಿ ಬಿಎಸ್ಸಿ ಆಯಿತು.

ನಮ್ಮಲ್ಲಿ ನಡುವಿನವನು ಮುಂದೆ ಕೇಂದ್ರ ಸರ್ಕಾರದಲ್ಲಿ ಗುಮಾಸ್ತನಾದ. ನಿಯಮದ ಪುಸ್ತಕ ಕೈಗೆ ಸಿಕ್ಕ ಮೇಲೆ ಗುಮಾಸ್ತನಾದವನು ಸುಮ್ಮನಿರುವುದುಂಟೇ? ಓದಿ ನೋಡಿದರೆ ಕಥೆ ಇನ್ನೂ ವಿಚಿತ್ರವಾಗಿತ್ತು. 1979ರ ಜುಲೈ 1ರಿಂದ 1987ರ ಜೂನ್ 30ರವರೆಗೆ ಸ್ವಂತ ಕೋರಿಕೆಯಿಂದ ಬಿಟ್ಟವರೂ, ಐದು ವರ್ಷ ಸೇವೆ ಮಾಡಿದ್ದರೆ, ಮಾಜಿ ಸೈನಿಕರೆನಿಸುತ್ತಿದ್ದರು. 1987ರ ಜುಲೈ 1ರಿಂದ ವ್ಯಾಖ್ಯೆ ಬದಲಾಯಿತು. ತಾವಾಗಿ ಬಿಟ್ಟವರಿಗೆ ಪಿಂಚಣಿ ದಕ್ಕಿರಬೇಕು, ಇಲ್ಲವಾದರೆ ಇಲ್ಲ. ಅಪ್ಪ ಅರ್ಜಿ ಕೊಟ್ಟದ್ದು ಜನವರಿಯಲ್ಲಿ. ಮಂಜೂರಾಗಿ ಹೊರಬಿದ್ದದ್ದು ಆಗಸ್ಟಿನಲ್ಲಿ. ಪಿಂಚಣಿಗೆ ಎರಡು ವರ್ಷ ನಾಲ್ಕು ತಿಂಗಳು ಕಡಿಮೆ ಬಿತ್ತು, ಹೆಸರಿಗೆ ಐವತ್ತೊಂದು ದಿನ ತಡವಾಯಿತು. ಕೆಲವು ತಿಂಗಳ ಕೊರತೆಯನ್ನು ಮನ್ನಾ ಮಾಡುವ ಅವಕಾಶ ನಿಯಮದಲ್ಲಿದೆ, ವರ್ಷಗಳಿಗೆ ಇಲ್ಲ. ಯಾರದೋ ಮೇಜಿನ ಮೇಲೆ ಆ ಕಡತ ಎರಡು ತಿಂಗಳು ಕುಳಿತಿರಬೇಕು. ನಮ್ಮ ಮೇಜಿನ ಮೇಲೂ ಕಡತಗಳು ಕೂಡುತ್ತವೆ, ಆ ಮಾತು ಬೇರೆ.

ಪರಿಣಾಮಗಳೆಂದರೆ ದೊಡ್ಡ ಸಂಗತಿಗಳೇ ಆಗಬೇಕೆಂದಿಲ್ಲ. ಬ್ಯಾಂಕಿನ ಕಾವಲುಗಾರರ ಹುದ್ದೆಗೆ ಮಾಜಿ ಸೈನಿಕರು ಬೇಕೆಂಬ ಜಾಹೀರಾತು ಬಂದಾಗ ಅಪ್ಪ ಪತ್ರಿಕೆಯನ್ನು ನೀಟಾಗಿ ಮಡಚಿ ಕೆಳಗಿಡುತ್ತಿದ್ದರು. ನೆರೆಮನೆಯ ನಿವೃತ್ತ ಹವಾಲ್ದಾರರ ಹೆಂಡತಿಗೆ ಹೇಳಿ ಅವ್ವ ಮಿಲಿಟರಿ ಕ್ಯಾಂಟೀನಿನಿಂದ ಒಂದು ಕುಕ್ಕರ್ ತರಿಸಿಕೊಂಡಳು. ಅಪ್ಪ ಆ ವಾರ ಅನ್ನ ಉಣ್ಣದೆ ರೊಟ್ಟಿಯಲ್ಲೇ ಕಳೆದರು. 2015ರಲ್ಲಿ ಜಂತರ್ ಮಂತರಿನಲ್ಲಿ ನಿವೃತ್ತ ಸೈನಿಕರು ಸಮಾನ ಪಿಂಚಣಿಗಾಗಿ ಕುಳಿತಾಗ ದಿನವೂ ಟೀವಿ ನೋಡಿದರು. ಆ ನವೆಂಬರಿನಲ್ಲಿ ಆದೇಶ ಹೊರಟಾಗ ಹಳೆಯ ಜೊತೆಗಾರರಿಗೆಲ್ಲ ಫೋನು ಮಾಡಿ ಅಭಿನಂದಿಸಿದರು. ಅವರಿಗೆ ಬರುವುದು ಭೋಸರಿಯ ದುಡಿಮೆಯ ಭವಿಷ್ಯನಿಧಿ ಪಿಂಚಣಿ, ಸಾವಿರದ ಚಿಲ್ಲರೆ. ಅದರಿಂದ ಒಂದು ಅನುಕೂಲವೂ ಆಯಿತೆನ್ನಿ: ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ತುಟ್ಟಿಭತ್ಯೆಯ ಮಿತಿಯೊಳಗಿದ್ದುದರಿಂದ ಅಪ್ಪ ಅವ್ವ ಇಬ್ಬರೂ ಅವಲಂಬಿತರೆಂದು ನಡುವಿನವನ ಸರ್ಕಾರಿ ಆರೋಗ್ಯ ಕಾರ್ಡಿನೊಳಗೆ ಬಂದರು. ಪೂರಾ ಪಿಂಚಣಿ ಇದ್ದಿದ್ದರೆ ಬರುತ್ತಿದ್ದರೋ ಇಲ್ಲವೋ.

ಇದೆಲ್ಲ ಹಳೆಯ ಮಾತಾಗಿ ಹೋಗುತ್ತಿತ್ತು, ಅಕ್ಕನ ಮಗನಿಂದಾಗಿ ಮತ್ತೆ ಎದ್ದಿತು. ಅವನು ಅಗ್ನಿವೀರನಾಗಿ ಎರಡು ವರ್ಷವಾಗುತ್ತ ಬಂದಿದೆ. 2022ರಲ್ಲಿ ಬಂದ ಈ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ, ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಕೊನೆಯಲ್ಲಿ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನು. ಒಂದು ಭಾನುವಾರ ಸಂಜೆ ಅವನ ಫೋನು ಬಂತು. "ಮಾಮಾ, ನಾ ಬಿಟ್ಟು ಬರ್ತೇನಿ. ನಾಕ ಮಂದ್ಯಾಗ ಒಬ್ಬನ್ನ ಇಟ್ಕೋತಾರ. ಇನ್ನೆರಡು ವರ್ಷ ಯಾಕ ಕಳೀಲಿ? ಇಲ್ಲಿ ಗೆಳೆಯಾಂದು ಅಂಗಡಿ ಅದ, ಪಾಲಿಗೆ ಕರ್ಯಾಕತ್ತಾನ."

ಗುಮಾಸ್ತನಾದವನು ಲೆಕ್ಕ ಹೇಳಿದ. ಸಂಬಳದಲ್ಲಿ ಶೇಕಡಾ 30 ಕಟಾವಾಗಿ ಸೇವಾ ನಿಧಿಗೆ ಹೋಗುತ್ತದೆ. ಮೊದಲ ವರ್ಷ ತಿಂಗಳಿಗೆ 9,000, ಎರಡನೆಯ ವರ್ಷ 9,900. ಎರಡು ವರ್ಷಕ್ಕೆ 2,26,800 ರೂಪಾಯಿ. ಅಷ್ಟನ್ನೇ ಸರ್ಕಾರ ತನ್ನ ಪಾಲಾಗಿ ಕೊಡುವುದು ಅವಧಿ ಮುಗಿಸಿದವನಿಗೆ. ತಾನಾಗಿ ಬಿಟ್ಟವನಿಗೆ ತನ್ನ ಪಾಲು, ಅದರ ಬಡ್ಡಿ, ಅಷ್ಟೇ. ಮೇಲಾಗಿ, ತೀರ ಅಸಾಧಾರಣ ಕಾರಣವಿಲ್ಲದೆ ನಡುವೆ ಬಿಡಲು ಒಪ್ಪಿಗೆಯೇ ಸಿಗುವುದಿಲ್ಲ. ಹುಡುಗ, "ಕಾರಣ ಏನಾರ ಬರದ್ರಾತು," ಎಂದ.

ಅಪ್ಪ ಕೈ ಚಾಚಿ ಫೋನು ತೆಗೆದುಕೊಂಡರು. ಬೈಯುತ್ತಾರೆಂದುಕೊಂಡೆವು.

"ನಿಮ್ಮವ್ವಗ ಹೇಳೀಯೇನು?"

"ಇಲ್ಲ ಅಜ್ಜಾ. ಬಿಡುಗಡಿ ಆದಮ್ಯಾಲ ಹೇಳ್ತೇನಿ."

"ಮೊದಲ ಆಕಿಗೆ ಹೇಳು. ಆಮ್ಯಾಲ ಅರ್ಜಿ ಬರಿ. ನಾ ಹೇಳದs ಬರದು, ಮೂವತ್ತೆಂಟು ವರ್ಷ ಸುಳ್ಳ ಹೇಳೇನಿ."

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವ್ವ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತಳು. "ಯಾವ ಅರ್ಜಿ?"

ಅಪ್ಪ ಎದ್ದು ಟ್ರಂಕು ತೆರೆದರು. ಡಿಸ್ಚಾರ್ಜ್ ಪುಸ್ತಕವನ್ನು ಅವ್ವನ ಕೈಗೆ ಕೊಟ್ಟರು. ಆಕೆ ಅದನ್ನು ತಿರುಗಿಸಿ ನೋಡಿ ನಮ್ಮ ಕಡೆ ಚಾಚಿದಳು. ಆ ಸಾಲನ್ನು ನಾವೇ ಕನ್ನಡದಲ್ಲಿ ಓದಿ ಹೇಳಬೇಕಾಯಿತು.

"ಅಂದ್ರ ನೀವಾಗೇ ಬರದ ಕೊಟ್ರೀ?"

"ಹೂಂ."

"ನಾ ಬ್ಯಾಡಂತ ಕಾಗದ ಹಾಕಿದ್ದೆ."

"ಆ ಕಾಗದ ನೋಡೇ ಬರದೆ. ನೀ ಒಬ್ಬಾಕಿ, ಮೂರು ಹುಡುಗ್ರು, ಅಪ್ಪ ಹಾಸಿಗಿ ಹಿಡದಾನ..." ಎಂದು ಅಪ್ಪ ಮಾತು ಮುಗಿಸಲಿಲ್ಲ.

ಅವ್ವ ನಮ್ಮನ್ನು ಕೇಳಿದಳು, "ನಿಮಗ ಗೊತ್ತಿತ್ತೇನು?" ಗೊತ್ತಿತ್ತೆಂದೆವು. ಆಕೆ ಎರಡು ದಿನ ನಮ್ಮ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ಅಪ್ಪನ ತಾಟಿಗೆ ಬಿಸಿರೊಟ್ಟಿ ಹಾಕುತ್ತ, "ಇಷ್ಟು ವರ್ಷ ಸರ್ಕಾರಕ್ಕ ಸುಳ್ಳs ಬೈದ್ನೆಲ್ಲ," ಎಂದಳು.

ಹುಡುಗ ಅಕ್ಕನಿಗೆ ಫೋನು ಮಾಡಿದನಂತೆ. ಅರ್ಜಿಯನ್ನು ಇನ್ನೂ ಬರೆದಿಲ್ಲ.