ಪತ್ರಿಕೆ ಯಾರದು?

ಯಾವ ಪತ್ರಿಕೆ ಕೈಗೆ ಬಂದರೂ ಅದರ ಮಾಲಿಕರು ಯಾರೆಂದು ಹುಡುಕುವುದು ನನ್ನ ಅಭ್ಯಾಸ. ಅದನ್ನು ಕಲಿಸಿದ್ದು ಬೋಸ್ನಿಯಾದ ರಾಜಧಾನಿ ಸರಾಯೇವೊದ ದಿನಪತ್ರಿಕೆ ‘ಒಸ್ಲೊಬೊಜೆನ್ಯೆ’. ಹೆಸರಿನ ಅರ್ಥ ವಿಮೋಚನೆ. 1943ರಲ್ಲಿ ನಾಝಿ ಆಕ್ರಮಣದ ವಿರುದ್ಧ ಹೋರಾಡುತ್ತಿದ್ದವರು ಅದನ್ನು ಆರಂಭಿಸಿದರು. 1992ರಲ್ಲಿ ಸರ್ಬ್ ಪಡೆಗಳು ನಗರಕ್ಕೆ ಮುತ್ತಿಗೆ ಹಾಕಿದಾಗ ಅದರ ಕಟ್ಟಡ ಶೆಲ್ ದಾಳಿಗೆ ಸುಟ್ಟು ಕುಸಿಯಿತು. ಆದರೂ ಮುಸ್ಲಿಮ್, ಸರ್ಬ್, ಕ್ರೊಯೇಟ್ ಪತ್ರಕರ್ತರು ನೆಲಮಾಳಿಗೆಯ ಬಂಕರಿನಲ್ಲಿ ಕುಳಿತು ಒಟ್ಟಾಗಿ ಪತ್ರಿಕೆ ಹೊರತಂದರು. 1993ರಲ್ಲಿ ಯುರೋಪಿಯನ್ ಸಂಸತ್ತಿನ ಸಖರೋವ್ ಪ್ರಶಸ್ತಿ ಅದಕ್ಕೆ ಸಂದಿತು.

ಯುದ್ಧ ಮುಗಿಯಿತು, ಖಾಸಗೀಕರಣ ಬಂತು. 2006ರಲ್ಲಿ ಪತ್ರಿಕೆ ನಗರದ ಬಿಯರ್ ಕಾರ್ಖಾನೆಯ ಪಾಲಾಯಿತು. ಮುತ್ತಿಗೆಯ ದಿನಗಳಲ್ಲಿ ಬಾಯಾರಿದ ಜನರಿಗೆ ನೀರು ಕೊಟ್ಟದ್ದೂ ಇದೇ ಕಾರ್ಖಾನೆ. ಆದುದರಿಂದ ಮಾಲಿಕರೆಲ್ಲ ಕೆಟ್ಟವರೆನ್ನಲು ನನಗೆ ಮನಸ್ಸಿಲ್ಲ. ಆದರೆ ಅಲ್ಲಿಯದೇ ಪ್ರತಿಸ್ಪರ್ಧಿ ಪತ್ರಿಕೆ ‘ದ್ನೆವ್ನಿ ಅವಾಝ್’ನ ಸ್ಥಾಪಕ ಫಹ್ರುದಿನ್ ರಾದೊಂಚಿಚ್ 2009ರಲ್ಲಿ ಸ್ವಂತ ಪಕ್ಷ ಕಟ್ಟಿದರು, 2012ರಲ್ಲಿ ದೇಶದ ಭದ್ರತಾ ಸಚಿವರಾದರು. ಪತ್ರಿಕೆ ಕಟ್ಟಿದವರೇ ಸಚಿವರಾದಾಗ, ಅವರನ್ನು ಪ್ರಶ್ನಿಸುವ ವರದಿಯನ್ನು ಅಲ್ಲಿನ ವರದಿಗಾರ ಎಷ್ಟು ಧೈರ್ಯದಿಂದ ಬರೆದಾನು?

ಶೆಲ್ ಬಿದ್ದರೆ ಊರಿಗೆಲ್ಲ ಕೇಳಿಸುತ್ತದೆ. ಮಾಲಿಕನ ಕೈ ಸುದ್ದಿಯ ಮೇಲೆ ಬಿದ್ದರೆ ಸದ್ದಾಗುವುದಿಲ್ಲ. ಅದನ್ನು ಓದುಗನೇ ಗಮನಿಸಬೇಕು.