ಮೂರು ನಿಮಿಷದ ಬ್ಯಾಟರಿ

ಕಾದಾಡುವ ರೋಬೋದ ಬ್ಯಾಟರಿಗೆ ಕೊಡುಗೈ ಇರಬೇಕು. ಕೂಡಿಡುವ ಗುಣ ಆಮೇಲಿನದು. ಪಂದ್ಯ ನಡೆಯುವುದೇ ಸಾಮಾನ್ಯವಾಗಿ ಎರಡು-ಮೂರು ನಿಮಿಷ. ಅಷ್ಟರೊಳಗೆ ಗಾಲಿಗಳು ಓಡಬೇಕು, ಗಿರಗಿರ ತಿರುಗುವ ಆಯುಧ ಎದುರಾಳಿಗೆ ಬಡಿದು ನಿಂತೇಬಿಟ್ಟರೂ ಮತ್ತೆ ವೇಗ ಹಿಡಿಯಬೇಕು. ಮೋಟಾರು ಅತಿ ಹೆಚ್ಚು ಕರೆಂಟು ಎಳೆಯುವುದು ಹಾಗೆ ನಿಂತಲ್ಲಿಂದ ಏಳುವಾಗಲೇ.

1994ರಲ್ಲಿ ಮಾರ್ಕ್ ಥಾರ್ಪ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ರೋಬೋಟ್ ವಾರ್ಸ್’ ಎಂಬ ರೋಬೋ ಕಾದಾಟ ಶುರುಮಾಡಿದ ಕಾಲಕ್ಕೆ ಕೈಗೆಟುಕುತ್ತಿದ್ದದ್ದು ಮುಖ್ಯವಾಗಿ ಸೀಸ-ಆಮ್ಲದ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಈ ಹಿರಿಯನ ವಂಶಸ್ಥರು ಇಂದಿಗೂ ಮನೆಮನೆಯ ಮೂಲೆಯಲ್ಲಿ ಇನ್ವರ್ಟರಿನ ಪಕ್ಕ ಕೂತಿದ್ದಾರೆ. ಕರೆಂಟು ಹೋದಾಗ ಫ್ಯಾನು ತಿರುಗಿಸಲು ಅವರು ಸಾಕು, ಕಾದಾಟಕ್ಕೆ ತೂಕ ಜಾಸ್ತಿ. ಸೀಸದ ಬ್ಯಾಟರಿಯ ಸಾಮರ್ಥ್ಯವನ್ನು ಅಳೆಯುವುದು ಗಂಟೆಗಟ್ಟಲೆ ನಿಧಾನವಾಗಿ ಖಾಲಿಮಾಡಿ. ಮೂರೇ ನಿಮಿಷದಲ್ಲಿ ಹೀರಹೊರಟರೆ ಅದರ ಅರ್ಧವೂ ದಕ್ಕುವುದಿಲ್ಲ. ಸ್ವೀಡನ್ನಿನ ವಾಲ್ಡೆಮರ್ ಯುಂಗ್ನರ್ 1899ರಲ್ಲಿ ಕಂಡುಹಿಡಿದ ನಿಕಲ್-ಕ್ಯಾಡ್ಮಿಯಂ ಸೆಲ್ ಈ ವಿಷಯದಲ್ಲಿ ಎಷ್ಟೋ ಮೇಲು. ಆದರೆ ಸೆಲ್ಲಿಗೆ 1.2 ವೋಲ್ಟ್ ಮಾತ್ರ, ಮೇಲೆ ಕ್ಯಾಡ್ಮಿಯಂನ ವಿಷ.

ಈಗ ಅಖಾಡವೆಲ್ಲ ಬಹುಮಟ್ಟಿಗೆ ಲಿಥಿಯಂ ಪಾಲಿಮರ್‌ನದು, ಬಳಕೆಯ ಮಾತಿನಲ್ಲಿ ಲಿಪೋ. ಸೆಲ್ಲಿಗೆ 3.7 ವೋಲ್ಟ್, ಪೂರ್ತಿ ಚಾರ್ಜಾದಾಗ 4.2. ಅದೇ ತೂಕಕ್ಕೆ ಸೀಸದ ಮೂರು-ನಾಲ್ಕು ಪಟ್ಟು ಶಕ್ತಿ. ತೂಕದ ಮಿತಿಯಲ್ಲಿ ಬ್ಯಾಟರಿಯೂ ಸೇರುವುದರಿಂದ, ಅಲ್ಲಿ ಉಳಿದದ್ದೆಲ್ಲ ಕವಚಕ್ಕೋ ಆಯುಧಕ್ಕೋ ಲಾಭ.

ಲೆಕ್ಕ ಕಷ್ಟದ್ದಲ್ಲ. ಸಣ್ಣ ರೋಬೋವೊಂದು ಸರಾಸರಿ 15 ಆಂಪಿಯರ್ ಎಳೆದರೆ ಮೂರು ನಿಮಿಷಕ್ಕೆ 750 ಮಿಲಿಆಂಪ್-ಅವರ್ ಬೇಕು. ಲಿಪೋವನ್ನು ಪೂರ್ತಿ ಬರಿದು ಮಾಡಬಾರದು, ಆದ್ದರಿಂದ 1000ದ ಪ್ಯಾಕ್ ಇರಲಿ. ಇನ್ನು ಸಿ ರೇಟಿಂಗ್: ಆಂಪ್-ಅವರನ್ನು ಸಿ ಸಂಖ್ಯೆಯಿಂದ ಗುಣಿಸಿದರೆ ಪ್ಯಾಕ್ ಕೊಡಬಲ್ಲ ಆಂಪಿಯರ್ ಸಿಗುತ್ತದೆ. 1000ದ ಪ್ಯಾಕಿನ ಮೇಲೆ 75ಸಿ ಎಂದಿದ್ದರೆ 75 ಆಂಪಿಯರ್, ಕಾಗದದ ಮೇಲೆ. ಚೀಟಿಯ ಸಿ ಸಂಖ್ಯೆ ಹೆಣ್ಣು ನೋಡಲು ಬಂದವರು ಹೇಳುವ ಗಂಡಿನ ಸಂಬಳದ ಹಾಗೆ. ಸ್ವಲ್ಪ ಕಳೆದೇ ನಂಬುವುದು ಕ್ಷೇಮ.

ಅದಕ್ಕಿಂತ ನಂಬಲರ್ಹವಾದದ್ದು ಒಳರೋಧ. ಒಳ್ಳೆಯ ಚಾರ್ಜರ್‌ಗಳು ಇದನ್ನು ಅಳೆದು ತೋರಿಸುತ್ತವೆ. ಪ್ಯಾಕಿನ ಒಳರೋಧ 20 ಮಿಲಿಓಮ್ ಇದ್ದು 100 ಆಂಪಿಯರ್ ಎಳೆದರೆ 2 ವೋಲ್ಟ್ ಒಳಗೇ ಸೋರಿಹೋಗುತ್ತದೆ, 200 ವಾಟ್ ಶಾಖ ಪ್ಯಾಕಿನ ಹೊಟ್ಟೆಯಲ್ಲೇ ಹುಟ್ಟುತ್ತದೆ. ವೋಲ್ಟೇಜ್ ತೀರಾ ಕುಸಿದರೆ ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಕಣ್ಣುಮುಚ್ಚುತ್ತದೆ. ರೋಬೋ ಪೆಟ್ಟೇ ತಿನ್ನದೆ ನಿಂತುಬಿಡುತ್ತದೆ. ಸಣಕಲು ವೈರು, ಸಡಿಲ ಕನೆಕ್ಟರ್ ಕೂಡ ಇದೇ ಕೆಡುಕು ಮಾಡುತ್ತವೆ.

ಲಿಪೋದ ದೊಡ್ಡ ದೋಷ ಬೆಂಕಿ. ಮೆತ್ತನೆಯ ಹೊದಿಕೆಗೆ ಚೂಪಾದ ಲೋಹ ತಾಗಿ ತೂತಾದರೆ ಉರಿಯೂ ವಿಷಹೊಗೆಯೂ ಒಟ್ಟಿಗೆ ಏಳುತ್ತವೆ. ಆದ್ದರಿಂದ ಪ್ಯಾಕಿನ ಜಾಗ ರೋಬೋದ ನಡುಭಾಗ. ಸುತ್ತ ಫೋಮ್, ಆಚೆಗೆ ಗಟ್ಟಿ ಗೋಡೆ. ಅದರ ಹತ್ತಿರ ಸ್ಕ್ರೂವಿನ ತುದಿ ಸುಳಿಯಬಾರದು. ಲಿಥಿಯಂ ಐರನ್ ಫಾಸ್ಫೇಟ್ ಇಷ್ಟು ಸಿಡುಕಿನದಲ್ಲ, ಆದರೆ ತೂಕ ಹೆಚ್ಚು, ಸೆಲ್ಲಿಗೆ 3.2 ವೋಲ್ಟ್ ಅಷ್ಟೇ. ಗೆಲ್ಲುವ ಹಟದವರು ಸಾಮಾನ್ಯವಾಗಿ ಲಿಪೋಗೇ ಮರಳುತ್ತಾರೆ.

ಊದಿಕೊಂಡ ಪ್ಯಾಕನ್ನು ಎಷ್ಟೇ ಬೆಲೆ ಕೊಟ್ಟಿದ್ದರೂ ಮತ್ತೆ ಬಳಸಬಾರದು. ಬಿಸಿಯಾದದ್ದನ್ನು ತಣಿಯಲು ಬಿಟ್ಟು, ಸೆಲ್ಲುಗಳನ್ನು ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್‌ಗೆ ಹಾಕಿ, ಕಣ್ಣೆದುರೇ ಚಾರ್ಜ್ ಮಾಡಬೇಕು. ಮುಂದಿನ ಪಂದ್ಯ ತಿಂಗಳುಗಟ್ಟಲೆ ದೂರವಿದ್ದರೆ ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿನಲ್ಲಿ ಬಿಟ್ಟು ತಂಪಾದ ಜಾಗದಲ್ಲಿ ಇಡಬೇಕು.