ಜೋಡಿ ಕಟ್ಟೋದು

(1/5)

ಮೊದಲನೇ ಫೋಟೋ ನೋಡಿ. ಹಳದಿ ಕಾಗದ, ಕೆಂಪಕ್ಷರ, ಮಡಿಕೆ ಬಿದ್ದ ಕಡೆಯೆಲ್ಲ ಹರಿದಿದೆ. ಕುಸ್ತಿ ಪೋಸ್ಟರ್ ಅದು. ಮೇಲೆ ದೇವರ ಚಿತ್ರ, ಕೆಳಗೆ ಊರಿನ ಮುಖಂಡರಿಂದ ಹಿಡಿದು ಶಾಮಿಯಾನದವರ ತನಕ ಎಲ್ಲರ ಹೆಸರು, ಮಧ್ಯದಲ್ಲಿ ಇಬ್ಬಿಬ್ಬರಂತೆ ಪೈಲ್ವಾನರ ಮುಖಗಳು. ಮೂರನೇ ಸಾಲಲ್ಲಿ ಎಡಗಡೆ ಮೀಸೆ ತಿರುವಿಕೊಂಡು ನಿಂತಿರೋದು ನಮ್ಮ ಸೋದರಮಾವ. ಬಲಗಡೆ ಇರೋರು ಅವರ ಜೋಡಿ. ಹೆಸರುಗಳನ್ನ ಬ್ಲರ್ ಮಾಡಿದ್ದೀನಿ. ಇಬ್ಬರೂ ಇನ್‌ಸ್ಟಾದಲ್ಲಿಲ್ಲ, ಬರೋ ಆಸೆನೂ ಇಲ್ಲ.

ಮಾವನನ್ನ ನಿಮ್ಮಲ್ಲಿ ಕೆಲವರು ನೋಡೇ ಇರ್ತೀರ. ತಣಿಸಂದ್ರ ಮೇನ್ ರೋಡಲ್ಲಿ, ನಾಗವಾರದಿಂದ ಹೆಗಡೆ ನಗರದ ಕಡೆಗೆ ಟೈಲ್ಸು, ಪ್ಲೈವುಡ್ಡು ಹೇರಿಕೊಂಡು ಟಾಟಾ ಏಸ್ ಓಡಿಸ್ತಾರೆ. ಎರಡು ಕಿವಿನೂ ಹಿಂಡಿ ಬಿಸಾಕಿದ ಬಟ್ಟೆ ಥರ ಮುದುಡಿದೆ. ಹುಟ್ಟಿನಿಂದ ಬಂದಿದ್ದಲ್ಲ ಅದು, ಹದಿನೈದು ವರ್ಷ ಬೇರೆಯವರ ತಲೆಗೆ, ತೋಳಿಗೆ ಉಜ್ಜಿ ಉಜ್ಜಿ ಆಗಿದ್ದು.

ಈಗ್ಯಾಕೆ ಇದನ್ನ ಬರೀತಿದ್ದೀನಿ ಅಂದ್ರೆ, ನಮ್ಮ ಕ್ಲಾಸಲ್ಲಿ ಒಂದು ತಿಂಗಳಿಂದ ಒಂದೇ ವಾದ. ಡಬ್ಲ್ಯೂಡಬ್ಲ್ಯೂಇ ನಿಜಾನಾ, ಫೇಕಾ? ಲಾಸ್ಟ್ ಬೆಂಚು ಎರಡು ಪಾರ್ಟಿ ಆಗೋಗಿದೆ. ನಾನು ಮಧ್ಯ ಬಾಯಿ ಹಾಕಲಿಲ್ಲ. ನಮ್ಮ ಮನೇಲಿ ಆ ಪದಕ್ಕೆ ಒಂದು ಸಲ ದುಡ್ಡು ಕಟ್ಟಿದ್ದಾರೆ. ಆ ಕಥೆ ನಾಲ್ಕನೇ ಭಾಗದಲ್ಲಿದೆ, ಅವಸರ ಇರೋರು ನೇರ ಅಲ್ಲಿಗೇ ಹೋಗಬಹುದು.

(2/5)

ಮೊದಲು ಟೀವಿಯವರದ್ದು ಮುಗಿಸಿಬಿಡ್ತೀನಿ.

ಪ್ರೊ ರೆಸ್ಲಿಂಗ್‌ನಲ್ಲಿ ಯಾರು ಗೆಲ್ತಾರೆ ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಸರಿ, ಒಪ್ಪಿದ್ವಿ. ಆದ್ರೆ ರಿಂಗ್ ಅಂದ್ರೆ ಕೆಳಗೆ ಕಬ್ಬಿಣದ ತೊಲೆ, ಅದರ ಮೇಲೆ ಮರದ ಹಲಗೆ, ತೆಳ್ಳಗೊಂದು ಫೋಮು, ಮೇಲೆ ಕ್ಯಾನ್ವಾಸ್. ಅದರ ಮೇಲೆ ನೂರು ಕೆ.ಜಿ. ಮನುಷ್ಯ ಬೆನ್ನು ಕೆಳಗಾಗಿ ಬೀಳ್ತಾನೆ. ಅವರಿಗೆ ಮೊದಲು ಕಲಿಸೋ ಪಾಠಾನೇ ಬೀಳೋದು: ಗದ್ದ ಎದೆಗೆ ಒತ್ತಿಕೋ, ಉಸಿರು ಬಿಡು, ಎರಡು ಕೈಯಿಂದ ನೆಲಕ್ಕೆ ಬಡಿ. ಎತ್ತಿ ಹಾಕೋನ ಕೆಲಸ ಇನ್ನೂ ಕಷ್ಟ. ಮೇಲಿರೋನ ಕುತ್ತಿಗೆ ಪೂರ್ತಿ ಅವನ ಕೈಯಲ್ಲಿರುತ್ತೆ.

ದೊಡ್ಡ ಕಂಪನಿ ಸೇರದೆ ತಾವೇ ಊರೂರು ಸುತ್ತೋ ಇಂಡಿಪೆಂಡೆಂಟ್ ರೆಸ್ಲರ್‌ಗಳು ಅಮೆರಿಕ, ಇಂಗ್ಲೆಂಡ್, ಜಪಾನ್ ಎಲ್ಲಾ ಕಡೆ ಇದ್ದಾರೆ. ತಿಂಗಳ ಸಂಬಳ ಇಲ್ಲ, ಆಡಿದ ದಿನ ದುಡ್ಡು. ಒಂದೇ ಕಾರಲ್ಲಿ ನಾಲ್ಕು ಜನ ಪೆಟ್ರೋಲ್ ಹಂಚಿಕೊಂಡು ರಾತ್ರಿಯಿಡೀ ಹೋಗ್ತಾರೆ, ಯಾವುದೋ ಶಾಲೆಯ ಹಾಲಲ್ಲಿ ಶೋ ಕೊಡ್ತಾರೆ. ಡ್ರೆಸ್ಸಿಂಗ್ ರೂಮಿಗೆ ಕಾಲಿಟ್ಟ ತಕ್ಷಣ ಅಲ್ಲಿರೋ ಪ್ರತಿಯೊಬ್ಬರಿಗೂ ಕೈ ಕೊಡಬೇಕು, ಪರಿಚಯ ಇರಲಿ ಬಿಡಲಿ. ಹೊಸಬರು ರಿಂಗ್ ಜೋಡಿಸಬೇಕು, ಬಿಚ್ಚಬೇಕು. ಆಟದ ಮಧ್ಯ ಪೆಟ್ಟು ಬಿದ್ದೋನ ಕೈಯನ್ನ ಇನ್ನೊಬ್ಬ ಮೆಲ್ಲಗೆ ಅದುಮ್ತಾನೆ. ತಿರುಗಿ ಅದುಮಿದ್ರೆ ‘ನಾನು ಸರಿ ಇದ್ದೀನಿ’ ಅಂತ. ಅದುಮಲಿಲ್ಲ ಅಂದ್ರೆ ರೆಫರಿ ಎರಡು ಕೈ ಮೇಲೆತ್ತಿ ಅಡ್ಡ ಹಿಡೀತಾನೆ. ಎಲ್ಲಾ ಅಲ್ಲಿಗೇ ನಿಲ್ಲುತ್ತೆ. ಮುಗಿದ ಮೇಲೆ ಒಳಗೆ ಹೋಗಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳ್ಕೋತಾರೆ.

ಇದೇ ನಂಬಿಕೆ ಮೇಲೇ ದೊಡ್ಡ ಕಂಪನಿಯವರೂ ನಿಂತಿರೋದು. 1999ರ ಅಕ್ಟೋಬರ್ 5ರಂದು ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನಲ್ಲಿ ಡಬ್ಲ್ಯೂಡಬ್ಲ್ಯೂಇ (ಆಗಿನ ಡಬ್ಲ್ಯೂಡಬ್ಲ್ಯೂಎಫ್) ಶೋ. ಡಿ-ಲೋ ಬ್ರೌನ್ ಅನ್ನೋರು ಡ್ರೋಜ್ ಅನ್ನೋರನ್ನ ಎತ್ತಿದ್ರು, ಹಿಡಿತ ಸರಿಯಾಗಿ ಸಿಗಲಿಲ್ಲ. ಡ್ರೋಜ್ ಕುತ್ತಿಗೆ ಮುರೀತು. 2023ರಲ್ಲಿ ತೀರಿಕೊಳ್ಳೋವರೆಗೂ ಅವರು ಗಾಲಿಕುರ್ಚಿಯಲ್ಲೇ ಇದ್ರು. ಆ ಪಂದ್ಯವನ್ನ ಟೀವಿಯಲ್ಲಿ ಹಾಕಲೇ ಇಲ್ಲ. ಡ್ರೋಜ್ ಮಾತ್ರ ‘ಅದು ಆಕಸ್ಮಿಕ, ಡಿ-ಲೋದು ತಪ್ಪಿಲ್ಲ’ ಅಂತಾನೇ ಹೇಳ್ಕೊಂಡು ಬಂದ್ರು. ಇದನ್ನ ಮಾವನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಎತ್ತಿದ್ನಲ್ಲ, ಅವನು ಆಮೇಲೆ ಹೆಂಗಿದ್ದ?”

(3/5)

ನಮ್ಮ ಕಡೆ ಇಂಡಿಪೆಂಡೆಂಟ್ ಅಂದ್ರೆ ಯಾರು? ಖಲಿ ಜಲಂಧರ್‌ನಲ್ಲಿ ತೆಗೆದಿರೋ ಅಕಾಡೆಮಿ ಇದೆ. ಕವಿತಾ ದೇವಿ ಅಲ್ಲಿ ಕಲಿತು 2017ರಲ್ಲಿ ಸಲ್ವಾರ್ ಕಮೀಜ್‌ನಲ್ಲೇ ಡಬ್ಲ್ಯೂಡಬ್ಲ್ಯೂಇ ರಿಂಗಿಗೆ ಇಳಿದ್ರು. ಗೊತ್ತಿರೋ ಕಥೆ. ನನ್ನ ಪ್ರಕಾರ ನಮ್ಮ ನಿಜವಾದ ಇಂಡಿಪೆಂಡೆಂಟ್‌ಗಳು ಜಾತ್ರೆ ಪೈಲ್ವಾನರು. ಅವರಿಗೂ ಸಂಬಳ ಇಲ್ಲ, ಇನ್ಶೂರೆನ್ಸ್ ಇಲ್ಲ. ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ಜಾತ್ರೆ, ಜಾತ್ರೆಗೊಂದು ಕುಸ್ತಿ ಕಮಿಟಿ, ಕಮಿಟಿ ಕೊಟ್ಟಷ್ಟು ದುಡ್ಡು. ಬಸ್ಸಲ್ಲಿ ಹೋಗು, ಆಡು, ರಾತ್ರಿ ಬಸ್ಸಲ್ಲಿ ವಾಪಸ್ ಬಾ. ಒಂದೇ ವ್ಯತ್ಯಾಸ, ಇಲ್ಲಿ ಯಾರು ಗೆಲ್ತಾರೆ ಅಂತ ಯಾರಿಗೂ ಗೊತ್ತಿರಲ್ಲ. ಬೆನ್ನು ಮಣ್ಣು ಮುಟ್ಟಬೇಕು, ಆಗಲೇ ಸೋಲು.

ಮೈಸೂರು ದಸರಾ ಕುಸ್ತಿ ಹೆಸರು ಕೇಳಿರ್ತೀರ. ದೇವರಾಜ ಅರಸು ಕ್ರೀಡಾಂಗಣ, ದಸರಾ ಕೇಸರಿ, ದಸರಾ ಕುಮಾರ, ಹುಡುಗಿಯರಿಗೆ ದಸರಾ ಕಿಶೋರಿ. ಅದರ ಫೋಟೋ ಎಲ್ಲರೂ ಹಾಕ್ತಾರೆ. ದಸರಾಕ್ಕೆ ಮುಂಚೆ ಒಂದು ದಿನ ‘ಜೋಡಿ ಕಟ್ಟೋದು’ ಅಂತ ನಡೆಯುತ್ತೆ. ಅದರ ಫೋಟೋ ಅಷ್ಟಾಗಿ ಕಾಣಲ್ಲ, ಎರಡನೇ ಮತ್ತು ಮೂರನೇ ಫೋಟೋ ನಾನು ತೆಗೆದಿದ್ದು. ಪೈಲ್ವಾನರು ವಯಸ್ಸಿನ ದಾಖಲೆ ಹಿಡ್ಕೊಂಡು ಬರ್ತಾರೆ. ತೂಕ ನೋಡ್ತಾರೆ. ಆಮೇಲೆ ಇಬ್ಬರನ್ನ ಎದುರುಬದುರು ನಿಲ್ಲಿಸ್ತಾರೆ. ಎತ್ತರ, ತೊಡೆ, ತೋಳು, ಎಷ್ಟು ವರ್ಷದಿಂದ ಸಾಮು ಮಾಡ್ತಿದ್ದಾನೆ, ಯಾವ ಗರಡಿ, ಉಸ್ತಾದ್ ಯಾರು, ಎಲ್ಲಾ ಲೆಕ್ಕಕ್ಕೆ ಬರುತ್ತೆ. ಇಬ್ಬರೂ ಒಪ್ಪಿ ಕೈ ಕೊಟ್ಟರೆ ಜೋಡಿ ಆಯ್ತು. ಒಪ್ಪದಿದ್ರೆ ಬೇರೆ ನೋಡ್ತಾರೆ, ಬಲವಂತ ಇಲ್ಲ.

ಪದ ಗಮನಿಸಿ. ಎದುರಾಳಿ ಅನ್ನೋದು ಪೇಪರಿನವರ ಭಾಷೆ. ಪೈಲ್ವಾನರು “ನನ್ನ ಜೋಡಿ ಯಾರು?” ಅಂತಾರೆ. ಎತ್ತಿಗೆ ಹೇಳೋ ಜೋಡಿ, ಚಪ್ಪಲಿಗೆ ಹೇಳೋ ಜೋಡಿ, ಮದುವೆ ಮನೇಲಿ ಹೇಳೋ ಜೋಡಿ, ಅದೇ ಪದ. ಒಂದು ಎತ್ತಿನ ಕಾಲು ಮುರಿದ್ರೆ ಇನ್ನೊಂದಕ್ಕೂ ಅವತ್ತು ಕೆಲಸ ಇಲ್ಲ. ಜೋಡಿಯ ಮೈ ಮುರಿಯೋನು ಅಂತ ಒಂದು ಸಲ ಹೆಸರು ಬಿದ್ರೆ ಮುಂದಿನ ಜಾತ್ರೇಲಿ ಅವನಿಗೆ ಕೈ ಕೊಡೋಕೆ ಯಾರೂ ಬರಲ್ಲ. ಪ್ರೀತಿಗಿಂತ ಮೊದಲು ಇದು ಹೊಟ್ಟೆಪಾಡು ಅಂತ ಮಾವನೇ ಹೇಳ್ತಾರೆ. ಪ್ರೀತಿ ಆಮೇಲೆ ಬರುತ್ತಂತೆ.

(4/5)

ಮಾವ ಮತ್ತು ಆ ಬಲಗಡೆಯವರು ಮೂರು ಸಲ ಜೋಡಿ ಆಗಿದ್ರು. ಮಾವ ಶ್ರೀರಂಗಪಟ್ಟಣದ ಕಡೆಯ ಹಳ್ಳಿಯವರು, ಅವರು ಮೈಸೂರಿನ ಒಂದು ಗರಡಿಯವರು. ಮೊದಲನೇ ಸಲ ಮಾವ ಐದೇ ನಿಮಿಷಕ್ಕೆ ಚಿತ್. ಎರಡನೇ ಸಲ ಸಮಬಲ. ಮೂರನೇದು 2011ರಲ್ಲಿ, ಈ ಪೋಸ್ಟರಿನ ಕುಸ್ತಿ. ‘ಮಾರ್ಫಿಟ್ ಕುಸ್ತಿ’ ಅಂತ ದಪ್ಪಕ್ಷರದಲ್ಲಿದೆ ನೋಡಿ. ಗೆದ್ದೋರಿಗೆ ದುಡ್ಡಿನ ಜೊತೆ ಬೆಳ್ಳಿ ಗದೆ.

ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ್ರು. ಒಬ್ಬರ ಮೈಗೊಬ್ಬರು ಮಣ್ಣು ಎರಚಿದ್ರು. ಅದು ಅವಮಾನ ಅಲ್ಲ, ಬೆವರಿಗೆ ಕೈ ಜಾರಬಾರದು ಅಂತ. ಇಪ್ಪತ್ತು ನಿಮಿಷದ ಹತ್ತಿರ ನಡೀತಂತೆ. ಕೊನೆಗೆ ಮಾವ ಕೆಳಗೆ, ಮಂಡಿ ಮತ್ತು ಕೈ ಊರಿ. ಅವರು ಮೇಲೆ, ಬಲಗೈ ಲಾಕ್ ಹಾಕಿ ತಿರುಗಿಸ್ತಿದ್ದಾರೆ. ಮಾವನ ಭುಜ ಕಳಚಿತು. ಹೊರಗೆ ನಿಂತೋರಿಗೆ ಏನೂ ಕಾಣಲ್ಲ. ಮಾವ ಕೂಗಲೂ ಇಲ್ಲ. ಆದ್ರೆ ಅವರ ಎದೆ ಮಾವನ ಬೆನ್ನಿಗೆ ಅಂಟಿತ್ತಲ್ಲ, ‘ಟಕ್’ ಅಂದಿದ್ದು ಅವರಿಗೆ ಗೊತ್ತಾಯ್ತು. ಇನ್ನೊಂದು ಸಲ ಎಳೆದಿದ್ರೆ ಮಾವ ಅಂಗಾತ, ಗದೆ ಅವರದ್ದು.

ಅವರು ಬಿಟ್ಟುಬಿಟ್ರು. ಬಿಟ್ಟು ಹಾಗೇ ಎದ್ದು ಹೋಗಲಿಲ್ಲ. ತೋಳು ಜೋತು ಬೀಳದ ಹಾಗೆ ಎರಡು ಕೈಲೂ ಹಿಡ್ಕೊಂಡು ಮಣ್ಣಲ್ಲೇ ಕೂತು, “ಭುಜ ಹೋಗಿದೆ, ನಿಲ್ಲಿಸಿ” ಅಂದ್ರು. ಕಮಿಟಿಯವರು ಹಾಗಾದ್ರೆ ನೀವೇ ಗೆದ್ದಿರಿ ಅಂದ್ರು. “ಬೆನ್ನು ಮಣ್ಣು ಮುಟ್ಟಿಲ್ಲ, ನಾನೆಲ್ಲಿ ಗೆದ್ದೆ?” ಅಂದ್ರಂತೆ.

ಸುತ್ತ ಇದ್ದ ಜನ? ಶಿಳ್ಳೆ, ಬೈಗುಳ. “ಅಡ್ಜಸ್ಟ್‌ಮೆಂಟ್ ಕುಸ್ತಿ! ಅಡ್ಜಸ್ಟ್‌ಮೆಂಟು!” ಇಬ್ಬರೂ ಒಳಗೊಳಗೇ ಮಾತಾಡ್ಕೊಂಡು ಬಂದಿದ್ದಾರೆ ಅಂತ. ಗಲಾಟೆ ನೋಡಿ ಕಮಿಟಿ ಇಬ್ಬರಿಗೂ ಒಪ್ಪಿದ್ದರಲ್ಲಿ ಅರ್ಧ ದುಡ್ಡು ಮಾತ್ರ ಕೊಡ್ತು. ಗದೆ ಯಾರಿಗೂ ಇಲ್ಲ. ನಮ್ಮ ಮನೇಲಿ ದುಡ್ಡು ಕಟ್ಟಿದ ಪದ ಇದೇ.

ನನಗೆ ಇವತ್ತಿಗೂ ಅರ್ಥ ಆಗದ್ದು ಆ ಜನ. ಅದೇ ಸೀಮೆಯವರು ವಿಜಯದಶಮಿ ದಿನ ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗಕ್ಕೆ ಕೈ ಮುಗೀತಾರೆ. ಜಟ್ಟಿಗಳು ತಲೆ ಬೋಳಿಸಿಕೊಂಡು, ಕೈಗೆ ವಜ್ರಮುಷ್ಟಿ ಹಾಕ್ಕೊಂಡು ಇಳೀತಾರೆ. ಒಬ್ಬರ ತಲೆಯಲ್ಲಿ ರಕ್ತ ಕಾಣಿಸಿದ ತಕ್ಷಣ ನಿಲ್ಲಿಸ್ತಾರೆ, ಎಷ್ಟೋ ಸಲ ನಿಮಿಷ ಕೂಡ ಆಗಿರಲ್ಲ. ಅಲ್ಲಿ ಯಾರೂ ಅಡ್ಜಸ್ಟ್‌ಮೆಂಟ್ ಅನ್ನಲ್ಲ. ಅಲ್ಲಿ ನಿಲ್ಲಿಸೋದು ಪದ್ಧತಿ. ಜಾತ್ರೇಲಿ ಒಬ್ಬ ಮನುಷ್ಯ ತಾನಾಗಿ ನಿಲ್ಲಿಸಿದ್ರೆ ಅನುಮಾನ.

(5/5)

ಅವತ್ತು ರಾತ್ರಿ ಮಾವನನ್ನ ಮೈಸೂರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಅವರೇ. ಆಮೇಲೆ ಭುಜ ಇನ್ನೆರಡು ಸಲ ಕಳಚಿತು, ಮಾವ ಕುಸ್ತಿ ಬಿಟ್ಟು ಬೆಂಗಳೂರಿಗೆ ಬಂದ್ರು, ಲೋಡಿಂಗ್ ಕೆಲಸ, ಸಾಲ, ಟಾಟಾ ಏಸ್. ಅವರು ಈಗ ಗರಡಿಯಲ್ಲಿ ಹುಡುಗರಿಗೆ ಕಲಿಸ್ತಾರೆ. ಪ್ರತಿ ವರ್ಷ ಜೋಡಿ ಕಟ್ಟೋ ದಿನ ಮಾವ ಗಾಡಿ ನಿಲ್ಲಿಸಿ ಮೆಜೆಸ್ಟಿಕ್‌ನಿಂದ ಬೆಳಗಿನ ರೈಲು ಹತ್ತುತಾರೆ. ಹೋದ ವರ್ಷ ನಾನೂ ಹೋದೆ.

ಅವರ ಮಗನಿಗೆ ಹದಿನೇಳು. ಒಳ್ಳೇ ಜೋಡಿ ಸಿಕ್ತು. ಉತ್ತರ ಕರ್ನಾಟಕದ ಕಡೆಯಿಂದ ಬಂದ ಹುಡುಗ, ಅದೇ ತೂಕ, ಚೂರು ಎತ್ತರ. ಇಬ್ಬರೂ ಕೈ ಕೊಡೋಕೆ ಹೊರಟಾಗ ಮಾವ “ಒಂದ್ನಿಮಿಷ ಇರಪ್ಪ” ಅಂದ್ರು. ಆ ಹುಡುಗನ ಎಡ ಭುಜದ ಮೇಲೆ ಕೈ ಇಟ್ಟು, ತೋಳನ್ನ ಮೆಲ್ಲಗೆ ಎತ್ತಿಸಿದ್ರು. ಅರ್ಧಕ್ಕೆ ಹುಡುಗನ ಮುಖ ಬಿಗಿ ಆಯ್ತು. ಎಷ್ಟು ದಿನ ಆಯ್ತು ಅಂತ ಕೇಳಿದ್ರು. ಹುಡುಗ ಏನೂ ಆಗಿಲ್ಲಣ್ಣ ಅಂದ. ಮಾವ ಅವನ ಉಸ್ತಾದ್ ಹತ್ರ ಹೋಗಿ ಕಿವಿಯಲ್ಲಿ ಏನೋ ಹೇಳಿದ್ರು. ಜೋಡಿ ಆಗಲಿಲ್ಲ.

ಹುಡುಗ ಅತ್ತ. ಸಿಟ್ಟಿಗೆ ಮಾವನ ಮೇಲೆ ಕೂಗಾಡಿದ. ಒಂದು ರಾತ್ರಿಯ ಬಸ್ಸು, ಒಂದು ವರ್ಷದ ಸಾಮು, ಮನೇಲಿ ಹೇಳಿ ಬಂದ ಮಾತು. ಮಾವ ಮಾಡಿದ್ದು ಸರಿ ಅಂತ ನನಗೆ ಗೊತ್ತು, ಆದ್ರೂ ಆ ಹುಡುಗನ ಮುಖ ಇನ್ನೂ ಕಣ್ಣಿಂದ ಹೋಗಿಲ್ಲ. ಇತ್ತ ಇವರ ಮಗನಿಗೂ ಜೋಡಿ ತಪ್ಪಿತು. ಆ ತೂಕದಲ್ಲಿ ಆಮೇಲೆ ಯಾರೂ ಹೊಂದಲಿಲ್ಲ. ಅವನೂ ಮುಖ ಊದಿಸ್ಕೊಂಡು ಮೂಲೇಲಿ ಕೂತ. ನಾನು ಅವರಪ್ಪನನ್ನೇ ನೋಡ್ತಿದ್ದೆ, ಏನಾದ್ರೂ ಅಂತಾರೇನೋ ಅಂತ. ಮಗನ ವರ್ಷ ಹೋಯ್ತಲ್ಲ.

ಅವರು ಮಾವನಿಗೆ ಏನೂ ಹೇಳಲಿಲ್ಲ. ಹೊರಗೆ ಗಾಡಿ ಹತ್ರ ಹೋಗಿ ಐದು ಟೀ ಹೇಳಿದ್ರು, ಅಳ್ತಿದ್ದ ಹುಡುಗನಿಗೆ ಒಂದು ಬನ್ನೂ ಸೇರಿಸಿ. ಅವನು ಎಡಗೈಲಿ ಲೋಟ ತಗೊಳ್ಳೋಕೆ ಹೋದ. “ಬಲಗೈಲಿ ತಗೋ ಮಗ,” ಅಂದ್ರು.

#ತಣಿಸಂದ್ರ #ಜೋಡಿ #ನಾಡಕುಸ್ತಿ #ಗರಡಿ #ಮೈಸೂರು